ಎರಡನೇ ಫಿಲ್ಮ್ ಕ್ಯಾಮೆರಾ ಬೇಕಾ? ವಾರಿಗೆ ಇನ್ನು ಒಂದೂವರೆ ತಿಂಗಳು

ಕಿಂಗ್ಸ್ ಸರ್ಕಲ್ ಹುಡುಗ, ಮುಂಬೈ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ. ನಿಮ್ಮ ಸಲಹೆ ಬೇಕು.

ನನ್ನ ಹತ್ತಿರ ಇರುವುದು ಒಂದೇ ಫಿಲ್ಮ್ ಕ್ಯಾಮೆರಾ, ನಿಕಾನ್ ಎಫ್‌ಎಂ2. ಅಪ್ಪ 1988ರಲ್ಲಿ ಚೀಟಿ ಹಾಕಿ ತಗೊಂಡದ್ದು. ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಅವರಿಗೆ ಯಕ್ಷಗಾನ ಅಂದರೆ ಪ್ರಾಣ. ಊರಿನ ಮೇಳ ಮುಂಬೈಗೆ ಬಂದಾಗಲೆಲ್ಲ ಚೌಕಿಯ ಮೂಲೆಯಲ್ಲಿ ಕೂತು, ಕಲಾವಿದರು ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯುತ್ತಿದ್ದರು. ಈಗ ಅಪ್ಪ ಇಲ್ಲ. ಕ್ಯಾಮೆರಾ ನನ್ನ ಕೈಯಲ್ಲಿದೆ.

ನಾನು ನಾಲ್ಕು ವರ್ಷದಿಂದ ಪಂಢರಪುರದ ವಾರಿಯ (ವಿಠ್ಠಲನ ಭಕ್ತರ ಪಾದಯಾತ್ರೆ) ಜೊತೆ ಎರಡು ದಿನ ನಡೆಯುತ್ತೇನೆ. ಪುಣೆಯಲ್ಲಿ ಭವಾನಿ ಪೇಠಿನ ಪಾಲಖಿ ವಿಠೋಬಾ ಗುಡಿಯಿಂದ ಜ್ಞಾನೇಶ್ವರರ ಪಾಲಖಿ ಹೊರಟು ದಿವೇ ಘಾಟ್ ಹತ್ತಿ ಸಾಸವಡ ಸೇರುವ ದಿನ ತಪ್ಪಿಸುವುದಿಲ್ಲ. ಹೋದ ವರ್ಷ ಘಾಟಿನ ಅರ್ಧಕ್ಕೆ ಬಂದಾಗ 11ನೇ ಫ್ರೇಮಿನಲ್ಲಿ ಫಿಲ್ಮ್ ಮುಂದೆ ಸರಿಸುವ ಅಡ್ವಾನ್ಸ್ ಲಿವರ್ ಸಿಕ್ಕಿಕೊಂಡಿತು. ಒಳಗಿನ ಕನ್ನಡಿ ಮೇಲೇ ನಿಂತಿತು. ಕಣ್ಣಿಟ್ಟರೆ ಕತ್ತಲು. ಕೆಳಗೆ ನೋಡಿದರೆ ತಿರುವು ತಿರುವಿನಲ್ಲೂ ಬಿಳಿ ಟೋಪಿ, ಕೇಸರಿ ಪತಾಕೆ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು. ಸಣ್ಣ ಮಳೆ. ಅಂಥ ಬೆಳಕು ಮೂರು ವರ್ಷದಲ್ಲಿ ಸಿಕ್ಕಿರಲಿಲ್ಲ. ಮೊಬೈಲಿನಲ್ಲಿ ತೆಗೆದೆ. ಆದರೆ ಮನಸ್ಸು ಒಪ್ಪಲಿಲ್ಲ.

ಕ್ಯಾಮೆರಾ ಮೂರು ತಿಂಗಳು ರಿಪೇರಿಗೆ ಹೋಗಿ ಬಂತು. ಒಳಗಿನ ಗ್ರೀಸು ಒಣಗಿ ಅಂಟಾಗಿತ್ತಂತೆ. ಈಗ ಚೆನ್ನಾಗಿದೆ. ಆದರೂ ಈ ಸಲ ಒಂದೇ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಿಡಿದು ಹೋಗಲು ಧೈರ್ಯ ಸಾಲುತ್ತಿಲ್ಲ. 25 ಸಾವಿರ ಎತ್ತಿಟ್ಟಿದ್ದೇನೆ. ಎರಡನೇ ಕ್ಯಾಮೆರಾ ತಗೊಳ್ಳಲಾ? ತಗೊಂಡರೆ ಯಾವುದು? 50 ಎಂಎಂ ಮತ್ತು 28 ಎಂಎಂ, ನಿಕಾನಿನ ಎರಡು ಹಳೆಯ ಎಐ (ಕೈಯಿಂದ ಫೋಕಸ್ ಮಾಡುವ) ಲೆನ್ಸ್ ಇವೆ.

ಥಾಣೆ ಕೆರೆದಂಡೆ

ಇನ್ನೊಂದು ಎಫ್‌ಎಂ2 ತಗೊಳ್ಳಿ, ಅಷ್ಟೇ. ಕೈಗೆ ಅಭ್ಯಾಸ ಆಗಿರುವ ಕ್ಯಾಮೆರಾ. ಕತ್ತಲಲ್ಲೂ ಬೆರಳು ದಾರಿ ಹುಡುಕಿಕೊಳ್ಳುತ್ತದೆ.

ಕಪ್ಪುಬಿಳುಪು, ಡೊಂಬಿವಲಿ

ನಾನು ಬೇಡ ಅನ್ನುತ್ತೇನೆ. ಕೋಪ ಮಾಡ್ಕೋಬೇಡಿ, ಲೆಕ್ಕ ನೋಡಿ.

ಕಲರ್ ರೋಲ್ ಒಂದಕ್ಕೆ ಈಗ ಸಾವಿರ ದಾಟಿದೆ. ತೊಳೆಸಿ ಸ್ಕ್ಯಾನ್ ಮಾಡಿಸುವುದೂ ಸೇರಿದರೆ ನನಗೆ 1,600 ಬೀಳುತ್ತದೆ. 36 ಫ್ರೇಮಿಗೆ ಹಂಚಿದರೆ ಒಂದು ಚಿತ್ರಕ್ಕೆ 44 ರೂಪಾಯಿ. ನಿಮ್ಮ 25 ಸಾವಿರದಲ್ಲಿ 15 ರೋಲ್ ಬರುತ್ತವೆ. ಅಂದರೆ 540 ಚಿತ್ರ. ಎರಡನೇ ಬಾಡಿ ಒಂದು ದಿನ ಕೈ ಹಿಡಿಯಬಹುದು, ಹಿಡಿಯದೆಯೂ ಇರಬಹುದು. 540 ಚಿತ್ರ ಖಂಡಿತ ಕೈಗೆ ಬರುತ್ತವೆ.

ಹಣ ಉಳಿಸಬೇಕು ಅಂದರೆ ಕಪ್ಪುಬಿಳುಪಿಗೆ ಬನ್ನಿ. ನಾನು ಎಚ್‌ಪಿ5 ಅನ್ನುವ ಕಪ್ಪುಬಿಳುಪು ಫಿಲ್ಮ್ ಮನೆಯಲ್ಲೇ ತೊಳೆಯುತ್ತೇನೆ. ಮೇ ತಿಂಗಳಲ್ಲಿ ನಮ್ಮ ನಲ್ಲಿ ನೀರು ಬಿಸಿ ಇರುತ್ತದೆ, ಔಷಧಕ್ಕೆ 20 ಡಿಗ್ರಿ ಬೇಕು. ಬಕೆಟ್‌ಗೆ ಐಸ್ ಹಾಕಿ ಅದರಲ್ಲಿ ಬಾಟಲಿ ಇಡುತ್ತೇನೆ. ಅರ್ಧ ಗಂಟೆಯ ಕೆಲಸ.

ಸದಾಶಿವ ಪೇಠ್ ಹಳೆ ಸ್ಟುಡಿಯೋ, ಪುಣೆ

ತಮ್ಮಾ, ನಾನು ಧಾರವಾಡದವನು. 1981ರಿಂದ ಪುಣೆಯಲ್ಲಿ ಮದುವೆ ಫೋಟೋ ತೆಗೆದವನು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮಾಡುತ್ತಿದ್ದ ‘ಇಂದು’ ಕಪ್ಪುಬಿಳುಪು ರೋಲ್ ಹಾಕಿ ಕೆಲಸ ಕಲಿತೆ. ಆಗಿನಿಂದಲೂ ನನ್ನ ಕೊರಳಲ್ಲಿ ಎರಡು ಬಾಡಿ.

ಒಂದು ಸಂಗತಿ ಹೇಳುತ್ತೇನೆ. 1993, ಕರ್ನಾಟಕದಿಂದ ಬಂದಿದ್ದ ಬೀಗರ ಮದುವೆ. ಅಂತರಪಾಟ ಸರಿಯಲು ಇನ್ನೇನು ಎರಡು ನಿಮಿಷ. ನನ್ನ ಮೊದಲ ಬಾಡಿಯಲ್ಲಿ ಫ್ಲಾಶ್ ಹೊಡೆಯುತ್ತಿದೆ, ಆದರೆ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಸದ್ದು ಬೇರೆ ಬಂತು. ವರ್ಷಗಟ್ಟಲೆ ಕೇಳಿದ ಸದ್ದು, ಕಿವಿಗೆ ಗೊತ್ತಾಗುತ್ತದೆ. ತಕ್ಷಣ ಅದನ್ನು ಸಹಾಯಕನ ಕೈಗೆ ಕೊಟ್ಟು ಎರಡನೆಯದು ಎತ್ತಿಕೊಂಡೆ. ಆಮೇಲೆ ತೊಳೆಸಿ ನೋಡಿದರೆ ಮೊದಲ ರೋಲಿನ ಕೊನೆಯ ಏಳು ಫ್ರೇಮು ಖಾಲಿ. ಅಕ್ಷತೆ ಹಾಕಿದ ಚಿತ್ರಗಳೆಲ್ಲ ಎರಡನೇ ಬಾಡಿಯಲ್ಲಿ ಬಂದವು. ಅವತ್ತು ಅದಿಲ್ಲದೆ ಹೋಗಿದ್ದರೆ ಆ ಮನೆಯವರಿಗೆ ನಾನು ಏನು ಹೇಳಬೇಕಿತ್ತು?

ಹಾಗಾಗಿ ಬೇಕು ಅನ್ನುವುದು ನನ್ನ ಮಾತು. ಆದರೆ ಎಫ್‌ಎಂ2ಕ್ಕೇ ಹಟ ಹಿಡಿಯಬೇಡಿ. ಅದಕ್ಕೆ ಈಗ ಹೆಸರಿನ ಬೆಲೆಯೂ ಸೇರಿಕೊಂಡಿದೆ. ನಿಕಾನ್ ಎಫ್‌ಇ ನೋಡಿ, 1978ರದ್ದು. ಆಕಾರ ಅದೇ, ಲಿವರ್ ಅದೇ, ನಿಮ್ಮ ಲೆನ್ಸ್ ಹಾಗೇ ಕೂರುತ್ತವೆ. ಬಟನ್ ಸೆಲ್ಲೂ ಅದೇ, ಎರಡು ಎಲ್‌ಆರ್44. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ನೀವು ಇಟ್ಟರೆ ಶಟರ್ ವೇಗ ಅದೇ ಆರಿಸಿಕೊಳ್ಳುತ್ತದೆ. ಜನರ ನಡುವೆ ನಡೆಯುತ್ತಾ ತೆಗೆಯುವವರಿಗೆ ಇದು ದೊಡ್ಡ ಅನುಕೂಲ.

ಥಾಣೆ ಕೆರೆದಂಡೆ

ಸರ್, ಎಫ್‌ಇ ಸೆಲ್ ಮೇಲೆ ನಡೆಯುವುದಲ್ವಾ? ಮಳೆಯಲ್ಲಿ ಸೆಲ್ ಕೈಕೊಟ್ಟರೆ? ಬ್ಯಾಕಪ್ ಅಂದಮೇಲೆ ಪೂರ್ತಿ ಮೆಕ್ಯಾನಿಕಲ್ ಆಗಿರಬೇಕು ಅನ್ನಿಸುತ್ತದೆ. ಎಫ್‌ಎಂ2ದಲ್ಲಿ ಸೆಲ್ ಬರೀ ಬೆಳಕು ಅಳೆಯುವ ಮೀಟರಿಗೆ. ಸೆಲ್ ತೆಗೆದು ಬಿಸಾಡಿದರೂ 1 ಸೆಕೆಂಡಿನಿಂದ 1/4000ವರೆಗೆ ಶಟರ್ ಓಡುತ್ತದೆ.

ಸದಾಶಿವ ಪೇಠ್ ಹಳೆ ಸ್ಟುಡಿಯೋ, ಪುಣೆ

ಒಳ್ಳೆಯ ಪ್ರಶ್ನೆ. ಎಫ್‌ಇಯಲ್ಲಿ ಎಂ90 ಅಂತ ಒಂದು ಗುರುತು ಇದೆ. ಸೆಲ್ ಸತ್ತರೂ 1/90 ವೇಗದಲ್ಲಿ ಶಟರ್ ನಡೆಯುತ್ತದೆ. ಬಟನ್ ಒತ್ತಿದಷ್ಟು ಹೊತ್ತು ಶಟರ್ ತೆರೆದಿಡುವ ‘ಬಿ’ ಕೂಡ. ಮೋಡದ ದಿನ ಐಎಸ್‌ಒ 400ರ ರೋಲ್ ಹಾಕಿದ್ದರೆ ಅದೊಂದೇ ವೇಗದಲ್ಲಿ ಅಪರ್ಚರ್ ಹಿಂದೆ ಮುಂದೆ ಮಾಡಿಕೊಂಡು ದಿನ ಕಳೆಯಬಹುದು. ಕ್ಯಾನನ್ ಎಇ-1 ಹಾಗಲ್ಲ. 6 ವೋಲ್ಟಿನ ಸೆಲ್ ಹೋಯಿತು ಅಂದರೆ ಶಟರ್ ಮಿಸುಕುವುದಿಲ್ಲ. ಜೇಬಿನಲ್ಲಿ ಒಂದು ಜೊತೆ ಸೆಲ್ ಇಟ್ಟುಕೊಳ್ಳಿ. ಎರಡೂ ಕ್ಯಾಮೆರಾಕ್ಕೆ ಅದೇ ಆಗುತ್ತದೆ.

ಹೊನ್ನಾವರದವಳು, ಪಣಜಿ

ಎಲ್ಲರೂ ಯಾವುದು ತಗೊಳ್ಳಬೇಕು ಅಂತ ಹೇಳುತ್ತಿದ್ದೀರಿ. ತಗೊಂಡ ಮೇಲೆ ಅದು ಎಲ್ಲಿರುತ್ತದೆ ಅಂತ ನಾನು ಕೇಳುತ್ತೇನೆ. ಯಾಕೆಂದರೆ ನಾನು ಇದರಲ್ಲಿ ಪೆಟ್ಟು ತಿಂದಿದ್ದೇನೆ.

ಆರು ವರ್ಷದ ಹಿಂದೆ ಬ್ಯಾಕಪ್ ಅಂತಲೇ ಪೆಂಟಾಕ್ಸ್ ಕೆ1000 ಕೊಂಡೆ. 1976ರಿಂದ 1997ರವರೆಗೆ ತಯಾರಾದ ಗಟ್ಟಿ ಕ್ಯಾಮೆರಾ, ಇದಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ. ಚಂದದ ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಮೊದಲ ಕ್ಯಾಮೆರಾ ಸರಿಯಾಗೇ ಇತ್ತಲ್ಲ, ಇದನ್ನು ಮುಟ್ಟಲೇ ಇಲ್ಲ. ಗೋವಾದ ಎರಡು ಮಳೆಗಾಲ ಹೀಗೇ ಕಳೆಯಿತು. ಮೂರನೇ ವರ್ಷ ಮಾರ್ಶೆಲಿನ ಚಿಕಲ್ ಕಾಲೊ ತೆಗೆಯಲು ಹೊರಟೆ. ದೇವಕಿ ಕೃಷ್ಣ ದೇವಸ್ಥಾನದ ಮುಂದಿನ ಮೈದಾನದಲ್ಲಿ ಆಷಾಢ ಮಾಸದಲ್ಲಿ ಆಡುವ ಕೆಸರಿನ ಆಟ ಅದು. ಕೆಸರು ಹಾರುವ ಕಡೆ ಒಳ್ಳೆಯ ಕ್ಯಾಮೆರಾ ಬೇಡ ಅಂತ ಬ್ಯಾಕಪ್ ಹೊರಗೆ ತೆಗೆದೆ. ಚೀಲ ಬಿಚ್ಚಿದರೆ ಬೂಷ್ಟಿನ ವಾಸನೆ. ಲೆನ್ಸಿಗೆ ಟಾರ್ಚ್ ಹಿಡಿದು ನೋಡಿದೆ, ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆ ಎಳೆ ಫಂಗಸ್. ಶಟರ್ 1 ಸೆಕೆಂಡಿಗೆ ಇಟ್ಟರೆ ಮೂರು ಎಣಿಸಿದರೂ ಮುಚ್ಚುತ್ತಿರಲಿಲ್ಲ. ಹಿಂಬಾಗಿಲಿನ ಕಪ್ಪು ಸ್ಪಂಜು ಡಾಂಬರಿನ ಹಾಗೆ ಬೆರಳಿಗೆ ಅಂಟಿತು.

ಯಾರೂ ಬೀಳಿಸಿರಲಿಲ್ಲ. ಯಾರೂ ಬಳಸಿಯೂ ಇರಲಿಲ್ಲ. ಸುಮ್ನೆ ಇಟ್ಟದ್ದಕ್ಕೇ ಹಾಳಾಗಿತ್ತು.

ನಮ್ಮ ಕರಾವಳಿಯಲ್ಲಿ, ಮುಂಬೈ ಆಗಲಿ ಪಣಜಿ ಆಗಲಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಗಾಳಿಯ ತೇವ ಶೇಕಡಾ 60-70 ದಾಟಿ ಅಲ್ಲೇ ನಿಂತರೆ ಫಂಗಸ್‌ಗೆ ಹಬ್ಬ. ಚರ್ಮದ ಚೀಲ ಆ ನೀರನ್ನೆಲ್ಲ ಹೀರಿ ಕ್ಯಾಮೆರಾಕ್ಕೇ ಹೊದಿಸುತ್ತದೆ. ಎಳೆ ಸಣ್ಣದಿದ್ದಾಗ ಲೆನ್ಸ್ ಬಿಚ್ಚಿ ಒರೆಸಬಹುದು. ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ.

ಅದಕ್ಕೇ ಹೇಳುತ್ತೇನೆ. ತಿಂಗಳಿಗೆ ಒಂದು ಸಲವಾದರೂ ಎರಡನೆಯದನ್ನು ಹೊರಗೆ ಒಯ್ಯುವ ಮನಸ್ಸಿದ್ದರೆ ಮಾತ್ರ ಕೊಳ್ಳಿ. ಇಲ್ಲವಾದರೆ ಆ ದುಡ್ಡಿನಲ್ಲಿ ಮೊದಲು ಡ್ರೈ ಕ್ಯಾಬಿನೆಟ್ (ಒಳಗಿನ ತೇವ ಕಡಿಮೆ ಇಡುವ ಕಪಾಟು) ತಗೊಳ್ಳಿ, ಅಪ್ಪನ ಕ್ಯಾಮೆರಾ ಉಳಿಯುತ್ತದೆ. ತೇವ 40-50ರ ನಡುವೆ ಇದ್ದರೆ ಸಾಕು. ಅಷ್ಟು ದುಡ್ಡಿಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಮಾಡಬೇಡಿ.

ಕಿಂಗ್ಸ್ ಸರ್ಕಲ್ ಹುಡುಗ, ಮುಂಬೈ

ಅಕ್ಕಾ, ನಿಮ್ಮ ಮಾತು ಓದಿ ಈಗಷ್ಟೇ ಹೋಗಿ ಅಪ್ಪನ ಕ್ಯಾಮೆರಾ ಚರ್ಮದ ಚೀಲದಿಂದ ಹೊರಗೆ ತೆಗೆದೆ. ಇಷ್ಟು ವರ್ಷ ಅದರಲ್ಲೇ ಇಟ್ಟಿದ್ದೆ. ಲೆನ್ಸಿಗೆ ಟಾರ್ಚ್ ಹಿಡಿದು ನೋಡಿದೆ. 50 ಎಂಎಂ ಶುಭ್ರವಾಗಿದೆ. 28ರ ಅಂಚಿನಲ್ಲಿ ಒಂದು ಚುಕ್ಕೆ ಇದೆ. ಧೂಳೋ ಫಂಗಸ್ಸೋ ತಿಳಿಯಲಿಲ್ಲ, ತೋರಿಸುತ್ತೇನೆ.

ಇನ್ನೊಂದು ಮಾತು. ಮೊದಲು ಬರೆಯುವಾಗ ಹೇಳಿರಲಿಲ್ಲ. ಚಿತ್ರ ತಪ್ಪಿಹೋಗುತ್ತದೆ ಅನ್ನುವುದಕ್ಕಿಂತ ಅಪ್ಪನ ಕ್ಯಾಮೆರಾ ಹಾಳಾಗುತ್ತದೆ ಅನ್ನುವ ಹೆದರಿಕೆ ನನಗೆ ಜಾಸ್ತಿ. ಘಾಟಿನಲ್ಲಿ ಲಿವರ್ ಸಿಕ್ಕಿಕೊಂಡಾಗ ಕೈ ನಡುಗಿತು. ಎರಡನೆಯದು ಬಂದರೆ ಇದನ್ನು ಮನೆಯಲ್ಲಿ ಜೋಪಾನವಾಗಿ ಇಡಬಹುದು ಎಂಬ ಯೋಚನೆಯೂ ಇತ್ತು.

ಸದಾಶಿವ ಪೇಠ್ ಹಳೆ ಸ್ಟುಡಿಯೋ, ಪುಣೆ

ತಮ್ಮಾ, ಹಾಗೆ ಮಾಡಬೇಡ. ನಿಮ್ಮ ತಂದೆಯವರು ಅದನ್ನು ಚೌಕಿಯ ಸೆಕೆಯಲ್ಲಿ, ರಾತ್ರಿಯಿಡೀ ಓಡಿಸಿದ್ದಾರೆ. ಆಗ ಅದು ಸಿಕ್ಕಿಕೊಳ್ಳಲಿಲ್ಲ. ಸಿಕ್ಕಿಕೊಂಡದ್ದು ಯಾವಾಗ? ಅವರ ನಂತರ ಎಷ್ಟು ವರ್ಷ ಕಪಾಟಿನಲ್ಲಿತ್ತು ಹೇಳು. ಶಟರ್, ಲಿವರ್, ಗೇರು, ಎಲ್ಲ ಓಡುತ್ತಿದ್ದರೆ ಎಣ್ಣೆ ತನ್ನ ಜಾಗದಲ್ಲಿರುತ್ತದೆ. ನಿಂತರೆ ಅಂಟಾಗುತ್ತದೆ. ರೋಲ್ ಇಲ್ಲದಿದ್ದರೂ ವಾರಕ್ಕೊಮ್ಮೆ ಎಲ್ಲ ವೇಗದಲ್ಲೂ ಎರಡೆರಡು ಸಲ ಹೊಡೆ. ನಿಧಾನದ ವೇಗಗಳನ್ನು ಮುಖ್ಯವಾಗಿ, ಮೊದಲು ಕೆಡುವುದು ಅವೇ.

ಎರಡನೆಯದು ಬಂದರೂ ಮೊದಲನೆಯದು ನಿನ್ನ ಜೊತೆ ಘಾಟ್ ಹತ್ತಲಿ.

ಕಿಂಗ್ಸ್ ಸರ್ಕಲ್ ಹುಡುಗ, ಮುಂಬೈ

ಎಂಟು ವರ್ಷ ಕಪಾಟಿನಲ್ಲಿತ್ತು ಸರ್. ನನಗೆ ಮುಟ್ಟಲು ಆಗುತ್ತಿರಲಿಲ್ಲ.

ಕಪ್ಪುಬಿಳುಪು, ಡೊಂಬಿವಲಿ

ಇದನ್ನು ಓದಿದ ಮೇಲೆ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಎರಡೂ ಬಾಡಿ ಜೊತೆಗೇ ನಡೆಯುವುದಾದರೆ ಒಂದರಲ್ಲಿ ಕಲರ್, ಇನ್ನೊಂದರಲ್ಲಿ ಕಪ್ಪುಬಿಳುಪು ಹಾಕಿ. ಆಗ ಯಾವುದೂ ಕಾಯುತ್ತಾ ಕೂರುವುದಿಲ್ಲ. ವಾರಿಯ ಕೇಸರಿಗೆ ಕಲರ್ ಬೇಕೇ ಬೇಕು. ಮುದುಕರ ಮುಖ, ಒದ್ದೆ ರಸ್ತೆ, ಕಾಲು, ಇವಕ್ಕೆಲ್ಲ ಎಚ್‌ಪಿ5. ಒಂದು ಕೆಟ್ಟರೆ ಇನ್ನೊಂದರಲ್ಲಿ ದಿನ ಮುಗಿಸಬಹುದು. ನಿಮ್ಮ ಕಪ್ಪುಬಿಳುಪು ರೋಲ್ ನಾನೇ ತೊಳೆದುಕೊಡುತ್ತೇನೆ, ಔಷಧದ ದುಡ್ಡು ಸಾಕು.

ಕೊಥ್ರೂಡ್ ಗುಡ್ಡ, ಪುಣೆ

ತಡವಾಗಿ ಬಂದೆ. 25 ಸಾವಿರ ಇದ್ದರೆ ನಿಕಾನ್ ಎಫ್80 ಯಾಕೆ ಬೇಡ? ಆಟೋಫೋಕಸ್ ಇದೆ, ಹಗುರ, ರೋಲ್ ತಾನೇ ಸುತ್ತಿಕೊಳ್ಳುತ್ತದೆ. ಬೆಲೆಯೂ ಕಡಿಮೆ.

ಸದಾಶಿವ ಪೇಠ್ ಹಳೆ ಸ್ಟುಡಿಯೋ, ಪುಣೆ

ಎಫ್80 ಒಳ್ಳೆಯ ಕ್ಯಾಮೆರಾ, ಆದರೆ ಇವರ ಎಐ ಲೆನ್ಸ್ ಹಾಕಿದರೆ ಅದರ ಮೀಟರ್ ಕೆಲಸ ಮಾಡುವುದಿಲ್ಲ. ಎಫ್100 ಆದರೆ ಮಾಡುತ್ತದೆ. ಅದು 1999ರದ್ದು, ಪೆನ್ಸಿಲ್ ಸೆಲ್ ನಾಲ್ಕು ಹಾಕಿದರೆ ನಡೆಯುತ್ತದೆ, ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಭಾರ. ಈ ಎರಡರ ಹಿಂಬಾಗಿಲಿನ ರಬ್ಬರು ನಮ್ಮ ಹವೆಗೆ ಅಂಟಂಟಾಗುತ್ತದೆ. ಆಮೇಲೆ ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಇನ್ನೊಂದು ಸತ್ತ ಕ್ಯಾಮೆರಾದಿಂದಲೇ ಕಿತ್ತು ಹಾಕಬೇಕು.

ಇನ್ನೊಂದು, ಬ್ಯಾಕಪ್ ಬೇರೆ ಕಂಪನಿಯದು ಬೇಡ. ಲೆನ್ಸ್ ಹೊಂದುವುದಿಲ್ಲ ಅನ್ನುವುದು ಸರಿಯೇ. ಅದರ ಜೊತೆಗೆ, ನಿಕಾನ್ ಲೆನ್ಸ್ ತಿರುಗಿಸಿ ಕೂರಿಸುವ ದಿಕ್ಕು ಕ್ಯಾನನ್, ಪೆಂಟಾಕ್ಸಿಗೆ ಉಲ್ಟಾ. ಗಡಿಬಿಡಿಯಲ್ಲಿ ಕೈ ತಪ್ಪುತ್ತದೆ. ನೂಕುನುಗ್ಗಲಿನಲ್ಲಿ ಲೆನ್ಸ್ ಬಿದ್ದರೆ ಮುಗಿಯಿತು.

ಥಾಣೆ ಕೆರೆದಂಡೆ

ಸರಿ ಸರ್, ಎಫ್‌ಇಗೆ ನನ್ನದೂ ಒಪ್ಪಿಗೆ. ಕೊಳ್ಳುವಾಗ ಏನೇನು ನೋಡಬೇಕು ಹೇಳಿ. ಫೋರ್ಟ್ ಕಡೆ ಸೆಕೆಂಡ್ ಹ್ಯಾಂಡ್ ಅಂಗಡಿಗಳಿವೆ, ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೂ ಸಿಗುತ್ತವೆ. ನಾನು ಅಲ್ಲಿ ಹೊಳೆಯುವ ಒಂದು ಕ್ಯಾಮೆರಾ ನೋಡಿ ಮರುಳಾಗಿ ತಂದಿದ್ದೆ. ಶಟರ್ ಪರದೆಯಲ್ಲಿ ಸೂಜಿಮೊನೆಯಷ್ಟು ತೂತು. ಪ್ರತಿ ಚಿತ್ರದಲ್ಲೂ ಒಂದು ಬಿಳಿ ಚುಕ್ಕೆ.

ಸದಾಶಿವ ಪೇಠ್ ಹಳೆ ಸ್ಟುಡಿಯೋ, ಪುಣೆ

ಹೊಳಪು ನೋಡಬೇಡಿ. ಅಂಚಿನ ಬಣ್ಣ ಸವೆದು ಹಿತ್ತಾಳೆ ಕಂಡರೆ ಒಳ್ಳೆಯದೇ, ಯಾರೋ ಓಡಿಸಿದ್ದಾರೆ ಅಂತ ಅರ್ಥ.

ಎರಡು ಹೊಸ ಸೆಲ್ ಜೇಬಿನಲ್ಲಿ ಒಯ್ಯಿರಿ. ಮೊದಲು ತಳದ ಸೆಲ್ ಮುಚ್ಚಳ ಬಿಚ್ಚಿ. ಹಸಿರು ಕಿಲುಬು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಹಿಂಬಾಗಿಲು ತೆಗೆದು, ಲೆನ್ಸ್ ಕಳಚಿ, ಬೆಳಕಿನ ಕಡೆ ಹಿಡಿದು ಒಂದೊಂದೇ ವೇಗದಲ್ಲಿ ಹೊಡೆಯಿರಿ. 1 ಸೆಕೆಂಡು ನಿಜವಾಗಿ ಒಂದು ಸೆಕೆಂಡು ಇದೆಯಾ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳೆಯಬಹುದು. 1/1000ದಲ್ಲಿ ಇಡೀ ಚೌಕದಲ್ಲಿ ಬೆಳಕು ಮಿಂಚಬೇಕು. ಒಂದು ಬದಿ ಕಪ್ಪಾಗಿ ಕಂಡರೆ ಪರದೆ ಸರಿಯಾಗಿ ಓಡುತ್ತಿಲ್ಲ ಅಂತ. ಪರದೆಯ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಲೇಬೇಡಿ.

ಆಮೇಲೆ ಸ್ಪಂಜು. ಹಿಂಬಾಗಿಲಿನ ಅಂಚಿನಲ್ಲಿ ಒಂದು, ಕನ್ನಡಿ ಹೋಗಿ ಬಡಿಯುವ ಕಡೆ ಮೇಲೆ ಒಂದು. ಇವು ಹಾಳಾಗಿದ್ದರೆ ಹೆದರಬೇಡಿ, ಸಣ್ಣ ಖರ್ಚು, ಬೆಲೆ ಇಳಿಸಲು ಮಾತು ಸಿಕ್ಕಿತು ಅಷ್ಟೇ. ಮೀಟರಿನ ಮುಳ್ಳು ಕಿಟಕಿಯ ಕಡೆ ತಿರುಗಿಸಿದರೆ ಒಂದು ಲೆಕ್ಕ, ಗೋಡೆಯ ಕಡೆ ಇನ್ನೊಂದು ಲೆಕ್ಕ ತೋರಿಸಬೇಕು. ಮೊಬೈಲಿನ ಮೀಟರ್ ಆ್ಯಪಿಗೆ ಹೋಲಿಸಿ, ಅರ್ಧ ಸ್ಟಾಪ್ (ಬೆಳಕಿನ ಅಳತೆ) ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ.

ಇಷ್ಟಾದ ಮೇಲೂ ಒಂದು ಟ್ರಯಲ್ ರೋಲ್ ಹೊಡೆದು, ತೊಳೆಸಿ ನೋಡದೆ ವಾರಿಗೆ ಒಯ್ಯಬಾರದು. ಏಳು ದಿನದೊಳಗೆ ವಾಪಸ್ ಮಾಡಲು ಒಪ್ಪುವ ಅಂಗಡಿಯಿಂದ ತಗೊಳ್ಳಿ, ಸಾವಿರ ಹೆಚ್ಚಾದರೂ ಪರವಾಗಿಲ್ಲ.

ಹೊನ್ನಾವರದವಳು, ಪಣಜಿ

ಇನ್ನೊಂದು ಸಣ್ಣ ವಿಷಯ, ಆದರೆ ಅವತ್ತು ಗೊತ್ತಿದ್ದರೆ ನಿಮ್ಮ 11 ಫ್ರೇಮಿಗೂ ಧೈರ್ಯ ಇರುತ್ತಿತ್ತು. ಒಂದು ಡಾರ್ಕ್ ಬ್ಯಾಗ್ ಬ್ಯಾಗಿನಲ್ಲಿರಲಿ. ತೋಳಿರುವ ಕಪ್ಪು ಚೀಲ ಅದು. ಕ್ಯಾಮೆರಾ ಸಿಕ್ಕಿಕೊಂಡರೆ ಚಹಾ ಅಂಗಡಿಯಲ್ಲಿ ಕೂತು, ಚೀಲದೊಳಗೇ ಹಿಂಬಾಗಿಲು ತೆಗೆದು, ಫಿಲ್ಮನ್ನು ಕೈಯಿಂದ ಡಬ್ಬಿಗೆ ಸುತ್ತಿಬಿಡಬಹುದು. ತುದಿ ಹೊರಗೆ ಉಳಿಸಿಕೊಂಡರೆ ಅದೇ ರೋಲನ್ನು ಎರಡನೇ ಬಾಡಿಗೆ ಹಾಕಬಹುದು. ಲೆನ್ಸಿಗೆ ಮುಚ್ಚಳ ಹಾಕಿ, ಹೆಚ್ಚಿನ ವೇಗದಲ್ಲಿ 11 ಸಲ ಹೊಡೆದು, ಇನ್ನೂ ಎರಡು ಜಾಸ್ತಿ ಹೊಡೆಯಿರಿ. 14ರಿಂದ ಹೊಸ ಚಿತ್ರ. ಎಫ್‌ಇಯಲ್ಲಿ ಮುಚ್ಚಳ ಹಾಕಿ ಹೀಗೆ ಹೊಡೆಯುವಾಗ ಶಟರ್ ವೇಗವನ್ನು ಆಟೋದಲ್ಲಿ ಬಿಡಬೇಡಿ. ಕತ್ತಲು ಅಂತ ತಿಳಿದು ಶಟರ್ ತೆರೆದೇ ಇಟ್ಟುಕೊಳ್ಳುತ್ತದೆ.

ವಾರಿ ಮುಗಿಸಿ ಗೋವಾಕ್ಕೆ ಬರುವುದಾದರೆ ಕೊಂಕಣ ರೈಲಿನಲ್ಲಿ ಬನ್ನಿ. ವಿಮಾನ ಆದರೆ ರೋಲ್‌ಗಳನ್ನು ಪಾರದರ್ಶಕ ಚೀಲದಲ್ಲಿ ಕೈಯಲ್ಲಿ ಹಿಡಿದು, ಯಂತ್ರಕ್ಕೆ ಹಾಕದೆ ನೋಡಿ ಅಂತ ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನರಿನಲ್ಲಿ ಹೋದರೆ ಫಿಲ್ಮ್ ಮಸುಕಾಗುತ್ತದೆ.

ಕಿಂಗ್ಸ್ ಸರ್ಕಲ್ ಹುಡುಗ, ಮುಂಬೈ

ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಫೋರ್ಟ್‌ಗೆ ಹೋಗಿ ಬಂದೆ.

ಎರಡು ಎಫ್‌ಇ ಇದ್ದವು. ಒಂದು ಹೊಸದರ ಹಾಗಿತ್ತು, ಸೆಲ್ ಮುಚ್ಚಳ ಬಿಚ್ಚಿದರೆ ಕಿಲುಬು. ಇನ್ನೊಂದು ಕಪ್ಪು ಬಾಡಿ, ಮೂಲೆಯೆಲ್ಲ ಹಿತ್ತಾಳೆ. ಸರ್ ಹೇಳಿದ ಹಾಗೆ ಎಲ್ಲ ವೇಗ ನೋಡಿದೆ. ಅಂಗಡಿಯವರು ತಾಳ್ಮೆಯಿಂದ ಕುರ್ಚಿ ಹಾಕಿಕೊಟ್ಟರು. ಸ್ಪಂಜು ಮಾತ್ರ ಹೋಗಿದೆ. ಅದನ್ನು ಹಾಕಿಸಿ, ಏಳು ದಿನದ ಮಾತಿನ ಮೇಲೆ 17 ಸಾವಿರಕ್ಕೆ ಕೊಟ್ಟರು. ಉಳಿದ ದುಡ್ಡಿನಲ್ಲಿ ಬಿಗಿ ಡಬ್ಬಿ, ಜೆಲ್, ತೇವದ ಮೀಟರ್, ಡಾರ್ಕ್ ಬ್ಯಾಗ್, ಮೂರು ರೋಲ್. 28ರ ಚುಕ್ಕೆ ಧೂಳೇ ಅಂತೆ, ಸಮಾಧಾನ ಆಯಿತು.

ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಅಮ್ಮ ಕೈಗೆತ್ತಿಕೊಂಡದ್ದು ಹಳೆಯದನ್ನೇ. ಕಣ್ಣು ಮುಚ್ಚಿಕೊಂಡು ಲಿವರ್ ಎಳೆದರು, ಬಟನ್ ಒತ್ತಿದರು. ‘ಇದೇ ಸದ್ದು’ ಅಂದರು. ಅಪ್ಪ ಆಟ ಮುಗಿಸಿ ಬಂದು ಬೆಳಗಿನ ಜಾವ ಕ್ಯಾಮೆರಾ ಒರೆಸುವಾಗ ಒಳಗಿನ ಕೋಣೆಗೆ ಕೇಳುತ್ತಿತ್ತಂತೆ.

ಇನ್ನು ಟ್ರಯಲ್ ರೋಲ್. ಭಾನುವಾರ ಬೆಳಿಗ್ಗೆ ಏಳಕ್ಕೆ ಮಾಟುಂಗಾ ಹೂವಿನ ಮಾರುಕಟ್ಟೆಯಲ್ಲಿ ಎರಡೂ ಬಾಡಿ ಹಿಡಿದು ನಿಲ್ಲುತ್ತೇನೆ. ಎಫ್‌ಇಯಲ್ಲಿ ಎಚ್‌ಪಿ5, ಅಪ್ಪನದರಲ್ಲಿ ಕಲರ್. ಬರುವವರು ಇದ್ದೀರಾ?

ಕಪ್ಪುಬಿಳುಪು, ಡೊಂಬಿವಲಿ

ನಾನು ಬರುತ್ತೇನೆ. ಆರೂಕಾಲರ ಲೋಕಲ್ ಹಿಡಿಯುತ್ತೇನೆ. ರೋಲ್ ಮುಗಿದ ಕೂಡಲೇ ಕೊಡಿ, ಅದೇ ರಾತ್ರಿ ತೊಳೆದು ಸೋಮವಾರ ನೆಗೆಟಿವ್ ಫೋಟೋ ಕಳಿಸುತ್ತೇನೆ. ತಪ್ಪು ಕಂಡರೆ ವಾಪಸ್ ಮಾಡಲು ಇನ್ನೂ ದಿನ ಇರುತ್ತದೆ.

ಸದಾಶಿವ ಪೇಠ್ ಹಳೆ ಸ್ಟುಡಿಯೋ, ಪುಣೆ

ತಮ್ಮಾ, ನಾನು ಮುಂಬೈಗೆ ಬರಲಾರೆ, ಮಂಡಿ ನೋವು. ಪಾಲಖಿ ಪುಣೆಯಲ್ಲಿ ಎರಡು ರಾತ್ರಿ ಇರುತ್ತದಲ್ಲ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ. ಹೊರಡುವ ಮುಂಚೆ ಎರಡೂ ಬಾಡಿಯ ಸದ್ದು ನಾನು ಒಂದು ಸಲ ಕೇಳಬೇಕು.